ಮನೆಯ ಮೀಟರಿನಲ್ಲಿ 84, ಆಸ್ಪತ್ರೆಯಲ್ಲಿ 77: ಯಾವುದನ್ನು ನಂಬುವುದು?

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಶೇಕಡಾದಲ್ಲಿ ನೋಡುವ ಮೀಟರಿನಲ್ಲಿ (ಪಲ್ಸ್ ಆಕ್ಸಿಮೀಟರ್) ಬದಿಯಡ್ಕದ ಮನೆಯಲ್ಲಿ 84 ಇತ್ತು, ಅದೇ ದಿನ ಮಂಗಳೂರಿನ ಆಸ್ಪತ್ರೆಯಲ್ಲಿ 77 ಬಂತು, ಮೂರು ವರ್ಷದ ಮಗುವಿಗೆ ಟೆಟ್ರಾಲಜಿ ಆಫ್ ಫ್ಯಾಲೋ (ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವ, ಹುಟ್ಟಿನಿಂದಲೇ ಇರುವ ಹೃದಯದ ತೊಂದರೆ), ಆಪರೇಶನ್ ಇನ್ನೂ ಆಗಿಲ್ಲ ಎಂದು ಬರೆದಿದ್ದೀರಿ. ನಾನಾದರೆ 77ನ್ನೇ ಹಿಡಿಯುತ್ತೇನೆ. ಆದರೆ ಅದೂ ಅಂದಾಜೇ.

ಈ ಮೀಟರುಗಳನ್ನು ತಾಳೆ ಹಾಕುವುದು ಆರೋಗ್ಯವಂತ ದೊಡ್ಡವರ ಮೇಲೆ. ಆಮ್ಲಜನಕ ಕಡಿಮೆಯಿರುವ ಗಾಳಿ ಕೊಟ್ಟು ಅವರ ಅಂಕಿಯನ್ನು ಸುಮಾರು 70ರವರೆಗೆ ಇಳಿಸುತ್ತಾರೆ, ಅದಕ್ಕಿಂತ ಕೆಳಗೆ ಇಳಿಸುವುದು ಅಪಾಯ. ಹಾಗಾಗಿ 70ರ ಕೆಳಗಿನದು ಬರೀ ಊಹೆ. 80ರ ಕೆಳಗೆ ಬಂದಾಗಲೇ ತಪ್ಪು ದೊಡ್ಡದಾಗುತ್ತದೆ, ಅದೂ ಹೆಚ್ಚಾಗಿ ಇರುವುದಕ್ಕಿಂತ ಜಾಸ್ತಿ ತೋರಿಸುವ ಕಡೆಗೆ. ಮೈಬಣ್ಣ ಕಪ್ಪಾಗಿದ್ದರೆ ಇನ್ನೂ ಸ್ವಲ್ಪ. ಖಚಿತ ಅಂಕಿ ಬೇಕಾದರೆ ಅಪಧಮನಿಯ ರಕ್ತ ತೆಗೆದು ಕೋ-ಆಕ್ಸಿಮೀಟರ್ ಎಂಬ ಲ್ಯಾಬಿನ ಯಂತ್ರದಲ್ಲಿ ನೋಡಬೇಕು.

ನಿಮ್ಮ 84ರ ಮೇಲೆ ನನಗೆ ಬೇರೆ ಅನುಮಾನವೂ ಇದೆ. ಮೀಟರ್ ಕೆಂಪು ಮತ್ತು ಇನ್‌ಫ್ರಾರೆಡ್ ಎಂಬ ಎರಡು ಬೆಳಕಿನ ಮಿಡಿತವನ್ನು ಹೋಲಿಸುತ್ತದೆ. ಮಗು ಕೈ ಅಲ್ಲಾಡಿಸಿದಾಗ ಎರಡೂ ಸಮವಾಗಿ ಕಂಡರೆ ಅದರ ಲೆಕ್ಕದಲ್ಲಿ ಅದು ಸುಮಾರು 85! ದೊಡ್ಡವರ ಕ್ಲಿಪ್ ಆದರೆ ಪುಟ್ಟ ಬೆರಳಿನ ಬದಿಯಿಂದಲೂ ಬೆಳಕು ನುಸುಳುತ್ತದೆ. ಸುತ್ತಿ ಕಟ್ಟುವ ಮಕ್ಕಳ ಪ್ರೋಬ್ ಇರುವ ಮೀಟರೇ ಒಳ್ಳೆಯದು. ಅದಿಲ್ಲದಿದ್ದರೆ ಕೈಯ ಅಥವಾ ಕಾಲಿನ ಹೆಬ್ಬೆರಳಿಗೆ ಹಾಕಿ.

ಆಟಿಯ ಮಳೆಯಲ್ಲಿ ಕೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ. ಉಗುರುಬಣ್ಣ, ಕಪ್ಪು ಮದರಂಗಿ ಇರುವ ಬೆರಳು ಬೇಡ. ಜಗಲಿಯ ಬಿಸಿಲಿನಲ್ಲಿ ಕೂತಿದ್ದರೆ ಬಟ್ಟೆ ಮುಚ್ಚಿ. ಒಂದು ನಿಮಿಷ ಕಾದು, ಅಂಕಿ ನಿಂತ ಮೇಲೆ ಓದಿ. ಮೀಟರಿನ ನಾಡಿಯೂ ನೀವು ಎಣಿಸಿದ ನಾಡಿಯೂ ಹೊಂದದಿದ್ದರೆ ಆ ಅಂಕಿಯನ್ನು ಬರೆಯಲೇಬೇಡಿ. ಅಳುವಾಗ ಇಳಿಯುವುದು ಮಾತ್ರ ಮೀಟರಿನ ತಪ್ಪಲ್ಲ, ಆಗ ಆಮ್ಲಜನಕ ನಿಜವಾಗಿಯೇ ಇಳಿಯುತ್ತದೆ. (ಮುಂದೆ ಬಿಟಿ ಶಂಟ್, ಅಂದರೆ ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶದ ರಕ್ತನಾಳಕ್ಕೆ ಸಣ್ಣ ಕೊಳವೆ, ಹಾಕಿದರೆ, ಆ ಬದಿಯ ಕೈಯಲ್ಲಿ ನಾಡಿ ಸಣ್ಣದಾಗಬಹುದು. ಆಗ ಇನ್ನೊಂದು ಕೈ.)

ಮುಂದಿನ ಸಲ ಹೋಗುವಾಗ ನಿಮ್ಮ ಮೀಟರ್ ಒಯ್ಯಿರಿ. ಒಂದೇ ಕೈಯ ಎರಡು ಬೆರಳಿಗೆ ಎರಡನ್ನೂ ಒಟ್ಟಿಗೆ ಹಾಕಿಸಿ, ವ್ಯತ್ಯಾಸ ಬರೆದಿಡಿ. ಎಷ್ಟಕ್ಕಿಂತ ಇಳಿದರೆ ಫೋನ್ ಮಾಡಬೇಕೆಂದು ಡಾಕ್ಟರಲ್ಲೇ ಕೇಳಿ. ನಿಮ್ಮ ಮಗುವಿಗೆ ಆರೋಗ್ಯವಂತರ ಹಾಗೆ 95 ಬರುವ ಪ್ರಶ್ನೆಯೇ ಇಲ್ಲ, ದಿನದ ಅಂಕಿಯಿಂದ ಎಷ್ಟು ಇಳಿಯಿತು ಎಂಬುದೇ ಲೆಕ್ಕ. ಹುಟ್ಟಿನಿಂದ ಹೃದಯದ ತೊಂದರೆಯಿರುವ ಮಕ್ಕಳ ಚಿಕಿತ್ಸೆಗೆಂದು ಇರುವ ಕೇರಳ ಸರಕಾರದ ಹೃದ್ಯಂ ಯೋಜನೆಯಲ್ಲಿ ಹೆಸರು ಬರೆಸಿಲ್ಲದಿದ್ದರೆ ಅದನ್ನೂ ಮುಗಿಸಿ.

ಮಗು ಒಮ್ಮೆಲೇ ನೀಲಿಗಟ್ಟಿ, ಜೋರಾಗಿ ಉಸಿರೆಳೆದು, ಕೈಕಾಲು ಸಡಿಲಬಿಟ್ಟರೆ ಮೀಟರ್ ಹುಡುಕಬೇಡಿ. ಎರಡೂ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿದುಕೊಂಡೇ ಹತ್ತಿರದ ಆಸ್ಪತ್ರೆಗೆ ಹೊರಡಿ.