ಹತ್ತು ವರ್ಷದಿಂದ ವಿಶ್ವಾಸಿ, ಆದರೂ ಮನೆಯಲ್ಲಿ ಸಿಟ್ಟು ಹೋಗಿಲ್ಲ

ಆತ್ಮೀಕ ಪಕ್ವತೆಯನ್ನು ನೀವು ಅಳೆಯುತ್ತಿರುವ ರೀತಿಯಲ್ಲೇ ತೊಂದರೆ ಇರಬೇಕು ಅನಿಸುತ್ತದೆ. ಹತ್ತು ವರ್ಷದಿಂದ ಸಭೆಗೆ ಹೋಗುತ್ತೀರಿ, ದಿನಾ ಬೈಬಲ್ ಓದುತ್ತೀರಿ, ಆದರೂ ಹೆಂಡತಿ ಮೇಲೆ ರೇಗುವುದು ನಿಂತಿಲ್ಲ ಎಂದು ಬರೆದಿದ್ದೀರಿ. ಅಪೊಸ್ತಲ ಪೌಲನು ಪತ್ರ ಬರೆದ ಕೊರಿಂಥ ಪಟ್ಟಣದ ಸಭೆಯದೂ ಇದೇ ಕಥೆ. ಪವಿತ್ರಾತ್ಮನ ವರಗಳಿಗೇನೂ ಕೊರತೆ ಇರಲಿಲ್ಲ. ಆದರೂ ಪೌಲನು ಅವರನ್ನು ಕೂಸುಗಳು ಎಂದನು. ಕಾರಣ, ಅವರೊಳಗಿನ ಹೊಟ್ಟೆಕಿಚ್ಚು, ಜಗಳ (1 ಕೊರಿಂಥ 3:1-3).

ಮೊದಲು, ಇವತ್ತೇ ಹೆಂಡತಿಯ ಕ್ಷಮೆ ಕೇಳಿ. "ನೀನೂ ಹಾಗೆ ಅಂದೆಯಲ್ಲ" ಅನ್ನುವ ಬಾಲ ಬೇಡ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಮತ್ತಾಯ 5:23-24). ಹಾಗಾಗಿ ಇದು ಪ್ರಾರ್ಥನೆಗಿಂತ ಮುಂಚೆ ಆಗಲಿ.

ಆಮೇಲೆ, ಓದುವ ಅಧ್ಯಾಯಗಳನ್ನು ಕಡಿಮೆ ಮಾಡಿ. ಯಾಕೋಬ 1:19 ಒಂದನ್ನೇ ಕೆಲವು ವಾರ ಹಿಡಿದುಕೊಳ್ಳಿ. ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ, ಕೋಪದಲ್ಲೂ ನಿಧಾನ. ಕೆಲಸದಿಂದ ಬಂದು ಬ್ಯಾಗ್ ಇಡುವ ಹೊತ್ತೇ ಜಾಸ್ತಿ ಅಪಾಯದ್ದು, ನಮ್ಮ ಬೈಬಲ್ ಅಧ್ಯಯನಕ್ಕೆ ಬರುವ ಗಂಡಸರಲ್ಲಿ ಹೆಚ್ಚಿನವರು ಇದನ್ನೇ ಹೇಳುತ್ತಾರೆ. ಆ ಹೊತ್ತಿಗೆ ಮುಖ ತೊಳೆದು, ಹೆಂಡತಿಯ ಮಾತು ಪೂರ್ತಿ ಮುಗಿಯುವ ತನಕ ಸುಮ್ಮನಿರಿ. ರಾತ್ರಿ, ಆ ದಿನ ಎಲ್ಲಿ ದನಿ ಏರಿತು ಎಂದು ನೆನಪಿಸಿಕೊಂಡು ದೇವರಿಗೆ ಹೇಳಿ.

ವಾರಕ್ಕೊಮ್ಮೆ ಸಭೆಯ ನಂಬಿಕಸ್ತ ಹಿರಿಯರೊಬ್ಬರ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಿ. ಒಬ್ಬರೇ ಗುದ್ದಾಡಿದರೆ ಕಷ್ಟ.

ಎಷ್ಟು ದಿನ ಬೇಕು ಅಂತ ಹೇಳಲಾರೆ. ತಾಳ್ಮೆ ಪವಿತ್ರಾತ್ಮನ ಫಲ ಅಲ್ವಾ (ಗಲಾತ್ಯ 5:22), ಸುಮ್ನೆ ಹಲ್ಲು ಕಚ್ಚಿಕೊಂಡರೆ ಬರುವುದಿಲ್ಲ. ಕೈ ಎತ್ತುವ ಮಟ್ಟಕ್ಕೆ ಹೋಗುತ್ತಿದ್ದರೆ ಮಾತ್ರ ತಡ ಮಾಡಬೇಡಿ, ಪಾಸ್ಟರ್ ಜೊತೆಗೆ ಕೌನ್ಸೆಲರ್ ಹತ್ತಿರವೂ ಹೋಗಿ.