ಹಲಗೆಯ ಮೇಲಿನ ಅಕ್ಷರ ಯಾವ ಭಾಷೆಯದ್ದಾಗಿರಬೇಕು?

ಪ್ರಶ್ನೆ: ನಮ್ಮದು ಅಡಿಕೆ ಮತ್ತು ಒಳ್ಳೆಮೆಣಸು (ಕಾಳುಮೆಣಸು) ಬೆಳೆಗಾರರ ಉತ್ಪಾದಕ ಕಂಪೆನಿ. ಮುಂದಿನ ತಿಂಗಳು ಸದಸ್ಯರನ್ನೂ ಹೊರಗಿನ ಖರೀದಿದಾರರನ್ನೂ ಸೇರಿಸಿ ಒಂದು ದಿನದ ಸಭೆ ನಡೆಸಲಿದ್ದೇವೆ. ಸದಸ್ಯರಲ್ಲಿ ಕನ್ನಡ, ಮಲಯಾಳ, ತುಳು ಆಡುವವರಿದ್ದಾರೆ. ಖರೀದಿದಾರರು ಹಿಂದಿಯಲ್ಲಿಯೂ ಕೃಷಿ ವಿಜ್ಞಾನಿಗಳು ಇಂಗ್ಲಿಷಿನಲ್ಲಿಯೂ ಮಾತನಾಡುತ್ತಾರೆ. ಕೊಚ್ಚಿಯಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಕಲಾವಿದೆಯೊಬ್ಬರು ವೇದಿಕೆಯ ಪಕ್ಕದಲ್ಲಿ ನಿಂತು, ಭಾಷಣ ನಡೆಯುತ್ತಿರುವಾಗಲೇ ಅದನ್ನು ದೊಡ್ಡ ಹಲಗೆಯ ಮೇಲೆ ಚಿತ್ರ ಮತ್ತು ಬರಹವಾಗಿ ಮೂಡಿಸುತ್ತಿದ್ದುದನ್ನು ನೋಡಿದೆ. ನಮ್ಮ ಸಭೆಗೆ ಇದು ಪ್ರಯೋಜನವಾದೀತೇ? ಆಗುವುದಾದರೆ ಬರಹ ಯಾವ ಭಾಷೆಯಲ್ಲಿರಬೇಕು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಖಂಡಿತ ಪ್ರಯೋಜನವಾದೀತು, ಆದರೆ ನಿಮ್ಮ ಎರಡನೆಯ ಪ್ರಶ್ನೆಯನ್ನು ಸಭೆಗೆ ಮುಂಚೆಯೇ ಇತ್ಯರ್ಥ ಮಾಡಿಕೊಂಡರೆ ಮಾತ್ರ. ಈ ಕೆಲಸವನ್ನು ಗ್ರಾಫಿಕ್ ರೆಕಾರ್ಡಿಂಗ್ ಎನ್ನುತ್ತಾರೆ. ನಾನು ಚಿತ್ರಟಿಪ್ಪಣಿ ಎಂದು ಕರೆಯುತ್ತೇನೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಸಿಬೆಟ್ ಮೊದಲಾದವರು ಇದನ್ನು ಸಭೆ ನಡೆಸುವ ಒಂದು ಕ್ರಮವಾಗಿ ಬೆಳೆಸಿದರು. ಒಂದೇ ಭಾಷೆಯಲ್ಲಿ ನಡೆಯುವ ಸಭೆಗೆ ಒಗ್ಗಿದ ಕ್ರಮವನ್ನು ಸಪ್ತಭಾಷೆಗಳ ನಮ್ಮ ಕಾಸರಗೋಡಿಗೆ ಹಾಗೆಯೇ ತಂದರೆ ಸಾಲದು.

ಸಾಮಾನ್ಯವಾಗಿ ಸಂಘಟಕರು, ‘ಯಾರಿಗೂ ಬೇಸರವಾಗುವುದು ಬೇಡ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಿರಿ’ ಎಂದು ಹೇಳುತ್ತಾರೆ. ಅವರ ಉದ್ದೇಶ ಒಳ್ಳೆಯದೇ ಆದರೂ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ತನ್ನ ತೋಟದ ಕಷ್ಟವನ್ನು ಧೈರ್ಯ ಮಾಡಿ ಎದ್ದುನಿಂತು ಕನ್ನಡದಲ್ಲಿ ಹೇಳಿದ ಕೃಷಿಕನು ಹಲಗೆಯತ್ತ ನೋಡಿದಾಗ ತನ್ನ ಮಾತು ತನಗೆ ಓದಲಾಗದ ಅಕ್ಷರಗಳಲ್ಲಿದ್ದರೆ, ಆ ಹಲಗೆ ಅವನ ಪಾಲಿಗೆ ಅಲಂಕಾರ ಮಾತ್ರ. ಆದ್ದರಿಂದ ಸದಸ್ಯರು ಆಡಿದ ಮಾತಿನ ತಿರುಳನ್ನು ಅವರು ಆಡಿದ ಭಾಷೆಯಲ್ಲಿಯೇ ಬರೆಯಬೇಕು. ಅದರ ಕೆಳಗೆ ಇನ್ನೊಂದು ಭಾಷೆಯವರಿಗಾಗಿ ಎರಡು ಮೂರು ಪದಗಳ ಸಾರವನ್ನು ಕೊಡಬೇಕು. ಶೀರ್ಷಿಕೆಗಳು ಮಾತ್ರ ಕನ್ನಡ ಮತ್ತು ಮಲಯಾಳ ಎರಡರಲ್ಲಿಯೂ ಒಂದೇ ಗಾತ್ರದಲ್ಲಿರಲಿ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನಮ್ಮ ನಾಡಿನಲ್ಲಿ ಅಕ್ಷರದ ಗಾತ್ರವನ್ನೂ ಜನರು ಗಮನಿಸುತ್ತಾರೆ, ಗಮನಿಸಲು ಅವರಿಗೆ ಕಾರಣವೂ ಇದೆ. ಹಿಂದಿ ಮತ್ತು ಇಂಗ್ಲಿಷ್ ಭಾಷಣಗಳನ್ನು ಈ ಎರಡು ಭಾಷೆಗಳಿಗೆ ತಂದು ಬರೆಯುವುದು ಸರಿ, ಏಕೆಂದರೆ ನಾಳೆ ತೋಟದಲ್ಲಿ ಅದನ್ನು ಜಾರಿಗೆ ತರಬೇಕಾದವರು ಸದಸ್ಯರೇ. ತುಳುವಿನ ಬಗ್ಗೆ ಚಿಂತೆ ಬೇಡ; ಕನ್ನಡ ಲಿಪಿಯಲ್ಲಿ ಬರೆದರೆ ನಮ್ಮಲ್ಲಿ ಅದು ಎಲ್ಲರಿಗೂ ರೂಢಿಯದ್ದೇ. ಅಂಕೆಗಳನ್ನು ಮಾತ್ರ ಎಲ್ಲರೂ ಓದಬಲ್ಲ 1, 2, 3 ಎಂಬ ರೂಪದಲ್ಲಿಯೇ ಬರೆಯಿರಿ.

ಆಡಿದ ಭಾಷೆಯಲ್ಲಿಯೇ ಬರೆಯಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ಸಹಕಾರಿ ಸಂಸ್ಥೆಯೊಂದರ ಮಹಾಸಭೆಯಲ್ಲಿ ನಾನು ಬರೆಯುತ್ತಿದ್ದಾಗ, ಹಿರಿಯ ಸದಸ್ಯರೊಬ್ಬರು ಮಲಯಾಳದಲ್ಲಿ, ಲೆಕ್ಕಪತ್ರ ನೋಡುವುದು ಸದಸ್ಯರ ‘ಅವಕಾಶಂ’ ಎಂದು ಗಟ್ಟಿಯಾಗಿ ಹೇಳಿದರು. ನನ್ನ ಕೈ ತಡವರಿಸದೆ ‘ಲೆಕ್ಕ ನೋಡಲು ಅವಕಾಶ ಬೇಕು’ ಎಂದು ಕನ್ನಡದಲ್ಲಿ ಬರೆಯಿತು. ಮಲಯಾಳದಲ್ಲಿ ಅವಕಾಶಂ ಎಂದರೆ ಹಕ್ಕು. ಕನ್ನಡದ ಅವಕಾಶಕ್ಕೆ ಅವರು ‘ಅವಸರಂ’ ಎನ್ನುತ್ತಾರೆ. ನಮ್ಮ ಅವಸರವಾದರೋ ಗಡಿಬಿಡಿ. ಆ ಹಿರಿಯರು ಹಕ್ಕೆಂದು ಕೇಳಿದ್ದನ್ನು ನಾನು ಅನುಗ್ರಹದ ಬೇಡಿಕೆಯನ್ನಾಗಿ ಮಾಡಿಬಿಟ್ಟಿದ್ದೆ. ಚಹಾದ ಬಿಡುವಿನಲ್ಲಿ ಎರಡೂ ಭಾಷೆ ಬಲ್ಲ ಸದಸ್ಯೆಯೊಬ್ಬರು ಹಲಗೆಯ ಬಳಿ ಬಂದು ತೋರಿಸಿಕೊಡದಿದ್ದರೆ ಆ ತಪ್ಪು ಹಾಗೆಯೇ ಅಚ್ಚಾಗಿ ಎಲ್ಲರ ಮನೆ ಸೇರುತ್ತಿತ್ತು. ಇಂತಹ ಪದಗಳು ಇನ್ನೂ ಇವೆ: ಅವರ ಪ್ರಸಂಗಂ ಭಾಷಣ, ನಮ್ಮ ಪ್ರಸಂಗ ಯಕ್ಷಗಾನದ್ದು, ಅವರ ಉಪನ್ಯಾಸಂ ಪ್ರಬಂಧ, ನಮ್ಮ ಉಪನ್ಯಾಸ ಭಾಷಣ, ಅವರ ಸಂಸಾರಂ ಮಾತುಕತೆ, ನಮ್ಮ ಸಂಸಾರ ಮನೆಮಂದಿ. ಪೂರ್ತಿ ಅಪರಿಚಿತವಾದ ಭಾಷೆಯಾದರೆ ನಾವು ಕೇಳಿ ತಿಳಿದುಕೊಳ್ಳುತ್ತೇವೆ. ಅಕ್ಕಪಕ್ಕದ ಭಾಷೆಯಲ್ಲಿ, ತಿಳಿಯಿತೆಂಬ ಧೈರ್ಯದಿಂದಲೇ ಎಡವುತ್ತೇವೆ.

ಹಾಗಾದರೆ ಚಿತ್ರದ ಪಾತ್ರವೇನು ಎಂದು ನೀವು ಕೇಳಬಹುದು. ಭಾಷೆಗಳ ಗಡಿಯನ್ನು ಚಿತ್ರ ದಾಟಬಲ್ಲದೆಂಬ ನಂಬಿಕೆಯಿಂದ 1920ರ ದಶಕದಲ್ಲಿ ವಿಯೆನ್ನಾದಲ್ಲಿ ಓಟ್ಟೋ ನ್ಯೂರಾತ್ ಅಂಕಿಅಂಶಗಳನ್ನು ಚಿತ್ರಸಂಕೇತಗಳಲ್ಲಿ ತೋರಿಸುವ ಪದ್ಧತಿಯನ್ನು ಆರಂಭಿಸಿದರು. ಅದು ಮುಂದೆ ಐಸೋಟೈಪ್ ಎಂದು ಹೆಸರಾಯಿತು. ಕಣ್ಣಿಗೆ ಕಾಣುವ ವಸ್ತುವಿನ ಮಟ್ಟಿಗೆ ಆ ನಂಬಿಕೆ ನಿಜ. ಕನ್ನಡದ ಕೊಳೆರೋಗವನ್ನು ಮಲಯಾಳದಲ್ಲಿ ಮಹಾಳಿ ಎನ್ನುತ್ತಾರೆ. ಮಳೆಮೋಡದ ಕೆಳಗೆ ಗೊನೆಯಿಂದ ಉದುರುತ್ತಿರುವ ಕಾಯಿಗಳನ್ನು ಬರೆದರೆ ಎರಡೂ ಹೆಸರಿನವರಿಗೆ ಕೂಡಲೇ ತಿಳಿಯುತ್ತದೆ. ನಮ್ಮ ಒಳ್ಳೆಮೆಣಸು, ಮಲಯಾಳದ ನಲ್ಲಮುಳಕ್, ತುಳುವಿನ ಎಡ್ಡೆ ಮುಂಚಿ ಈ ಮೂರರ ಅರ್ಥವೂ ಒಂದೇ ಆಗಿರುವುದರಿಂದ ಮೆಣಸಿನ ಬಳ್ಳಿಯ ಒಂದು ಚಿತ್ರ ಸಾಕು. ಆದರೆ ಹಕ್ಕು, ನಂಬಿಕೆ, ಹೊಣೆ ಇವುಗಳಿಗೆ ಚಿತ್ರ ಮಾತ್ರ ಸಾಲದು. ಹೊಸ ವಿಚಾರವೆಂದು ಉರಿಯುವ ಬಲ್ಬನ್ನು ಬಿಡಿಸಿದರೆ, ಅದನ್ನು ಪಂಪಿನ ವಿದ್ಯುತ್ ಸಂಪರ್ಕದ ಸಂಗತಿಯೆಂದು ತಿಳಿಯುವ ಕೃಷಿಕರನ್ನು ತಪ್ಪೆನ್ನಲಾಗದು. ಅಮೂರ್ತವಾದ ಪ್ರತಿಯೊಂದು ಚಿತ್ರಕ್ಕೂ ಎರಡೂ ಭಾಷೆಗಳಲ್ಲಿ ಒಂದೊಂದು ಪದದ ಆಸರೆ ಇರಲೇಬೇಕು.

ಏರ್ಪಾಡಿನ ವಿಷಯಕ್ಕೆ ಬರುತ್ತೇನೆ. ಜನರು ಮಾತನಾಡುವಾಗ ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಪದಗಳು ಬರುತ್ತವೆ; ಬರೆಯುವ ಕೈ ಅದರ ಕಾಲುಭಾಗವನ್ನೂ ಹಿಡಿಯಲಾರದು. ಆದ್ದರಿಂದ ಕೈಗೆ ಜೊತೆಯಾಗಿ ಒಂದು ಕಿವಿ ಬೇಕು. ಕನ್ನಡ, ಮಲಯಾಳ, ಹಿಂದಿ ಚೆನ್ನಾಗಿ ಬಲ್ಲ ಒಬ್ಬರು ಹಲಗೆಯ ಪಕ್ಕದಲ್ಲಿ ಕುಳಿತು, ಮಾತಿನ ತಿರುಳನ್ನು ಚೀಟಿಯಲ್ಲಿ ಬರೆದು ಕೊಡುತ್ತಿರಲಿ. ನಮ್ಮ ಜಿಲ್ಲೆಯ ಶಾಲೆಗಳ ನಿವೃತ್ತ ಅಧ್ಯಾಪಕರಲ್ಲಿ ಇಂಥವರು ಧಾರಾಳ ಸಿಗುತ್ತಾರೆ. ದುಭಾಷಿಗಳಿದ್ದರೆ ಇಬ್ಬರಿರಲಿ, ಏಕಕಾಲದ ಅನುವಾದದಲ್ಲಿ ಅರ್ಧ ಗಂಟೆ ಕಳೆದರೆ ಯಾರಿಗಾದರೂ ಗಮನ ಸಡಿಲವಾಗುತ್ತದೆ. ಕಾರ್ಯಸೂಚಿ, ಭಾಷಣಕಾರರ ಹೆಸರುಗಳು ಮತ್ತು ಅಡಿಕೆಯ ದರ್ಜೆಗಳ ಪಟ್ಟಿಯನ್ನು ಎರಡೂ ಲಿಪಿಗಳಲ್ಲಿ ಒಂದು ವಾರ ಮೊದಲೇ ಕಲಾವಿದರಿಗೆ ತಲುಪಿಸಿರಿ. ಹಲಗೆ 8 ಅಡಿ ಅಗಲ, 4 ಅಡಿ ಎತ್ತರವಿದ್ದರೆ ಸಣ್ಣ ಸಭಾಂಗಣಕ್ಕೆ ಸಾಕು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರವೆಂಬುದು ಬೋರ್ಡು ಬರೆಯುವವರ ಲೆಕ್ಕ; ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಸಾಲುಗಳ ನಡುವೆ ಅಷ್ಟೇ ಜಾಗವನ್ನು ಖಾಲಿ ಬಿಡಬೇಕು. ಇಂಗ್ಲಿಷಿಗೆ ಹಾಕಿದ ಅಂದಾಜಿನಲ್ಲಿ ಕನ್ನಡ ಬರೆಯಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಹಲಗೆ ತುಂಬಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಸಭೆ ಮುಗಿಯುವ ಮೊದಲು ಇಪ್ಪತ್ತು ನಿಮಿಷ ಮೀಸಲಿಟ್ಟು ಸದಸ್ಯರನ್ನು ಹಲಗೆಯ ಬಳಿಗೆ ಕರೆಯಿರಿ. ತಾವು ಹೇಳಿದ್ದು ಸರಿಯಾಗಿ ಬಂದಿದೆಯೇ ಎಂದು ಅವರೇ ಓದಲಿ, ಅಕ್ಷರ ತಿಳಿಯದವರಿಗೆ ಯಾರಾದರೂ ಓದಿ ಹೇಳಲಿ, ತಪ್ಪಿದ್ದರೆ ಅಲ್ಲಿಯೇ ತಿದ್ದಲಿ. ನಾನು ನೋಡಿದ ಅನೇಕ ಕಾರ್ಯಕ್ರಮಗಳಲ್ಲಿ ಈ ಹೊತ್ತನ್ನು ಫೋಟೋ ತೆಗೆಯುವುದಕ್ಕೆ ಬಿಟ್ಟುಕೊಡುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಪ್ರಶ್ನೆ: ನಾನು ಚಿತ್ರಕಲಾ ವಿದ್ಯಾರ್ಥಿನಿ. ಈ ಕೆಲಸ ಕಲಿಯುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ? ಹಲಗೆಯ ಬದಲು ಟ್ಯಾಬ್ಲೆಟ್ ಬಳಸಬಹುದೇ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಚಿತ್ರಕ್ಕಿಂತ ಮೊದಲು ಕೇಳುವುದನ್ನು ಅಭ್ಯಾಸ ಮಾಡಮ್ಮ. ವೇಷ, ಕುಣಿತವಿಲ್ಲದೆ ಕುಳಿತು ಹಾಡು ಮತ್ತು ಮಾತಿನಲ್ಲಿಯೇ ಯಕ್ಷಗಾನದ ಪ್ರಸಂಗವನ್ನು ನಡೆಸುವ ತಾಳಮದ್ದಳೆಗೆ ನಿಮ್ಮ ಊರಿನ ಸುತ್ತಮುತ್ತ ಕೊರತೆಯಿಲ್ಲ. ಒಂದು ಕೂಟಕ್ಕೆ ಹೋಗಿ, ಪಾತ್ರಗಳಾಗಿ ಮಾತನಾಡುವ ಇಬ್ಬರು ಅರ್ಥಧಾರಿಗಳ ಸಂವಾದವನ್ನು ಒಂದು ಹಾಳೆಯಲ್ಲಿ ಹಿಡಿಯಲು ಪ್ರಯತ್ನಿಸು. ಯಾರು ಪ್ರಶ್ನೆ ಎತ್ತಿದರು, ಎದುರಿನವರು ಅದನ್ನು ಎಲ್ಲಿ ತಿರುಗಿಸಿದರು, ಯಾವ ಮಾತಿಗೆ ಉತ್ತರವೇ ಬರಲಿಲ್ಲ ಎಂಬುದನ್ನು ಬಾಣದ ಗುರುತು ಮತ್ತು ನಾಲ್ಕಾರು ಪದಗಳಲ್ಲಿ ಗುರುತಿಸು. ಅಲ್ಲಿಲ್ಲದ ಕಿರೀಟ, ವೇಷಗಳನ್ನು ಕಲ್ಪಿಸಿ ಬಿಡಿಸುವ ಆಸೆಯನ್ನು ತಡೆದುಕೋ. ಹತ್ತು ಕೂಟಗಳಾಗುವಾಗ, ಬಿಡಬೇಕಾದ ಮಾತು ಯಾವುದೆಂದು ಕಿವಿಗೆ ತಿಳಿಯತೊಡಗುತ್ತದೆ. ಜೊತೆಯಲ್ಲಿ ಮಲಯಾಳದ ಓದುಬರಹವನ್ನೂ ಕಲಿತುಕೋ. ಆಡಲು ಬಂದರೆ ಸಾಲದು.

ಟ್ಯಾಬ್ಲೆಟ್‌ಗೆ ಒಂದು ದೊಡ್ಡ ಅನುಕೂಲವಿದೆ. ಚಿತ್ರವನ್ನು ಒಂದು ಪದರದಲ್ಲಿ, ಕನ್ನಡವನ್ನು ಇನ್ನೊಂದರಲ್ಲಿ, ಮಲಯಾಳವನ್ನು ಮತ್ತೊಂದರಲ್ಲಿ ಬರೆದರೆ ಸಭೆಯ ನಂತರ ಒಂದೇ ಚಿತ್ರವನ್ನು ಎರಡು ಭಾಷೆಗಳಲ್ಲಿ ಬೇರೆ ಬೇರೆಯಾಗಿ ಕಳುಹಿಸಬಹುದು. ಆದರೆ ಪರದೆಯ ಮೇಲೆ ಮೂಡಿದ್ದರ ಬಳಿಗೆ ಜನರು ಎದ್ದು ಬಂದು, ಬೆರಳಿಟ್ಟು ‘ಇದು ಹೀಗಲ್ಲ’ ಎನ್ನುವುದು ಕಡಿಮೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದನ್ನೂ ಮರೆಯಬಾರದು. ಮೊದಲ ಎರಡು ವರ್ಷ ಕಾಗದ ಮತ್ತು ಮಾರ್ಕರ್‌ನಲ್ಲಿಯೇ ದುಡಿಯುವುದು ಒಳ್ಳೆಯದು.

ಪ್ರಶ್ನೆ: ಇಂತಹ ಚಿತ್ರವನ್ನೇ ಸಭೆಯ ನಡಾವಳಿಯಾಗಿ ಇಟ್ಟುಕೊಳ್ಳಬಹುದೇ?
– ಕಾರ್ಯದರ್ಶಿ, ಮುಳ್ಳೇರಿಯ

ಉತ್ತರ: ಸಾಧ್ಯವಿಲ್ಲ. ನಿಮ್ಮದು ಕಂಪೆನಿಯಾಗಿದ್ದರೆ, 2013ರ ಕಂಪೆನಿ ಕಾನೂನಿನ 118ನೆಯ ಸೆಕ್ಷನ್ ಪ್ರಕಾರ ಸಭೆ ಮುಗಿದ 30 ದಿನಗಳೊಳಗೆ ನಡಾವಳಿಯನ್ನು ಬರೆದು ಪುಸ್ತಕಕ್ಕೆ ಸೇರಿಸಬೇಕು. ಸಹಕಾರಿ ಸಂಘವಾದರೂ ನಡಾವಳಿ ಪುಸ್ತಕ ತಪ್ಪದು. ಆದರೆ ನಡಾವಳಿಯಲ್ಲಿ ನಿರ್ಣಯ ಉಳಿಯುತ್ತದೆ, ಅದಕ್ಕೆ ಮುಂಚೆ ಯಾರು ಯಾವ ಅಳುಕು ತೋಡಿಕೊಂಡರು ಎಂಬುದು ಸಾಮಾನ್ಯವಾಗಿ ಉಳಿಯುವುದಿಲ್ಲ. ಹಲಗೆಯಲ್ಲಿ ಅದು ಇರುತ್ತದೆ. ಸದಸ್ಯರು ತಿದ್ದಿದ ಹಲಗೆಯ ಛಾಯಾಚಿತ್ರಕ್ಕೆ ದಿನಾಂಕ ಹಾಕಿ, ನಡಾವಳಿಯ ಪ್ರತಿಯ ಜೊತೆಗೆ ಸದಸ್ಯರಿಗೆ ಕಳುಹಿಸಿರಿ. ಮುಂದಿನ ಸಭೆಯ ದಿನ ಮೂಲ ಹಲಗೆಯನ್ನು ಅದೇ ಗೋಡೆಗೆ ತೂಗುಹಾಕಿ, ಕಳೆದ ಸಲ ಉತ್ತರವಿಲ್ಲದೆ ಉಳಿದ ಮಾತಿನಿಂದಲೇ ಚರ್ಚೆಯನ್ನು ಆರಂಭಿಸಿರಿ.