ಪ್ರಾರ್ಥನೆಗೆ ಕರೆದವರು ಈಗ ಸಹಿ ಕೇಳುತ್ತಿದ್ದಾರೆ

ಪ್ರಶ್ನೆ: ನಾನು ಬಿಎಸ್ಸಿ ವಿದ್ಯಾರ್ಥಿನಿ. ದೇವರಲ್ಲಿ ತುಂಬಾ ನಂಬಿಕೆ. ಹಾಸ್ಟೆಲಿನ ಪ್ರಾರ್ಥನೆ ಗುಂಪಿನವರೇ ನನ್ನ ಸ್ನೇಹಿತರು. ವಿಕಾಸವಾದದ ಪಾಠ ಮಾಡುವಾಗ ಮೇಡಂ ನಮ್ಮ ಧರ್ಮವನ್ನು ಹೀಯಾಳಿಸಿದರು ಅಂತ ಅವರು ದೂರು ಬರೆದಿದ್ದಾರೆ. ನಾನು ಆ ಕ್ಲಾಸಿನಲ್ಲಿದ್ದೆ. ಮೇಡಂ ಧರ್ಮದ ಮಾತೇ ಎತ್ತಲಿಲ್ಲ. ಹಾಳೆಯಲ್ಲಿ ನನ್ನ ಹೆಸರು ಆಗಲೇ ಬರೆದಿದೆ, ಸಹಿಯಷ್ಟೇ ಬಾಕಿ. ಕಾಲೇಜು ಚುನಾವಣೆ ಹತ್ತಿರ ಇದೆ, ಒಗ್ಗಟ್ಟು ಮುಖ್ಯ ಅಂತಾರೆ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ. ನಡೆಯದ್ದನ್ನು ನಡೆಯಿತು ಅಂತ ಬರೆದುಕೊಟ್ಟರೆ ಅದು ಸುಳ್ಳು ಸಾಕ್ಷಿ. ಅದನ್ನು ಪುಣ್ಯ ಅನ್ನುವ ಧರ್ಮ ನನಗಂತೂ ಗೊತ್ತಿಲ್ಲ. ನಿಮ್ಮನ್ನು ಕೇಳದೇ ನಿಮ್ಮ ಹೆಸರು ಬರೆದಿದ್ದಾರಲ್ಲ, ನನಗೆ ಜಾಸ್ತಿ ಚುಚ್ಚಿದ್ದು ಅದು. ಚುನಾವಣೆ ಬಂದರೆ ಪ್ರತಿ ಗುಂಪಿಗೂ ಬೈಯಲು ಒಬ್ಬರು ಬೇಕು. (ದೇವರೇ ಬೇಡ ಅನ್ನುವ ಗುಂಪುಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ.) ಈ ಸಲ ಮೇಡಂ ಸಿಕ್ಕಿದ್ದಾರೆ.

ಆ ಪಾಠ ಕೇಳಿ ನಿಮಗೂ ಒಳಗೊಳಗೆ ಕಸಿವಿಸಿ ಆಗಿರಬೇಕು, ಅಲ್ವಾ? ಆಗಲಿ ಬಿಡಿ. ನೀವು ಓದುವ ಅನುವಂಶೀಯತೆಯ ನಿಯಮಗಳನ್ನು ಬಟಾಣಿ ಗಿಡ ಬೆಳೆಸಿ ಕಂಡುಕೊಂಡು, 1866ರಲ್ಲಿ ಪ್ರಕಟಿಸಿದ ಮೆಂಡೆಲ್ ಮಠದ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ. ವಿಶ್ವಕ್ಕೆ ಒಂದು ಆರಂಭ ಇತ್ತು ಅನ್ನುವ ಈ ವಿಜ್ಞಾನ ಸೃಷ್ಟಿಕರ್ತನನ್ನೇ ತೋರಿಸುತ್ತಿದೆ ಎಂಬರ್ಥದಲ್ಲಿ 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಮಾತಾಡಿದರು. ಪಾದ್ರಿಗೆ ಖುಷಿಯಾಗಬೇಕಿತ್ತು. ಆದರೆ ಲೆಮೈತ್ರ್‌ಗೆ ಇರುಸುಮುರುಸಾಯಿತು. ತನ್ನ ಲೆಕ್ಕಾಚಾರವನ್ನು ದೇವರ ಪರ ಸಾಕ್ಷಿಗೆ ನಿಲ್ಲಿಸುವುದು ಅವರಿಗೆ ಬೇಡವಾಗಿತ್ತು. ಅವರು ಕೊನೆವರೆಗೂ ಪಾದ್ರಿಯಾಗೇ ಇದ್ದರು.

ಇನ್ನು ಬೇಡ ಅನ್ನುವುದು ಹೇಗೆ? ಧರ್ಮದ ಚರ್ಚೆಗೆ ಇಳಿಯಬೇಡಿ, ಅದರಲ್ಲಿ ಅವರು ಪಳಗಿದ್ದಾರೆ. "ನಾನು ಅಲ್ಲೇ ಇದ್ದೆ, ಹಾಗೆ ಹೇಳಿದ್ದು ಕೇಳಿಸಲಿಲ್ಲ" ಅಂದರೆ ಸಾಕು. ಎಲ್ಲರೂ ಸೇರಿದಾಗ ಬೇಡ, ನಿಮಗೆ ತೀರಾ ಹತ್ತಿರದವಳಿಗೆ ಮೊದಲು ಹೇಳಿ. ಹಾಳೆಯಲ್ಲಿರುವ ಹೆಸರನ್ನು ಎದುರಿಗೇ ನಿಂತು ಹೊಡೆದುಹಾಕಿಸಿ. ಪ್ರಾಂಶುಪಾಲರು ಕರೆದು ಕೇಳಿದರೆ ಕಂಡಷ್ಟು ಹೇಳಿ.

ಕೆಲವು ದಿನ ಊಟದ ಹೊತ್ತಲ್ಲಿ ನಿಮ್ಮ ಪಕ್ಕದ ಕುರ್ಚಿ ಖಾಲಿ ಇರಬಹುದು. ಏನೂ ಆಗಲ್ಲ ಅಂತ ಸುಮ್ನೆ ಹೇಳಲಾರೆ. ಪ್ರಾರ್ಥನೆಗೆ ಹೋಗುವುದನ್ನು ಮಾತ್ರ ಬಿಡಬೇಡಿ. ಹಾಗೇ ಆ ಕಸಿವಿಸಿಯನ್ನು ಮೇಡಂ ಹತ್ತಿರವೇ ಕೇಳಿ. ಲ್ಯಾಬಿನಲ್ಲಿ ಅವರು ಒಬ್ಬರೇ ಸಿಕ್ಕಾಗ, ದೂರಿನ ಮಾತೆತ್ತದೆ, ಪಾಠದ್ದಷ್ಟೇ.